ಕಿವಿಗೆ ಹತ್ತಿದ ಸಿಳ್ಳೆ

ರೇಡಿಯೋ ಹುಚ್ಚು ಹಿಡಿದವನ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿ ಆಗಿಯೇ ಆಗುತ್ತದೆ. ಅರುವತ್ತರ ದಶಕದಲ್ಲಿ ನಾನು ಬಂಟ್ವಾಳದಲ್ಲಿ ವಿಜ್ಞಾನದ ಮಾಸ್ತರ. ಲೈಸೆನ್ಸು ಪಡೆದು, ನನ್ನಂಥ ದೂರದ ರೇಡಿಯೋ ಹವ್ಯಾಸಿಗಳೊಡನೆ ಮಾತಾಡಲು ನಾನೇ ಒಂದು ಸೆಟ್ಟು ಕಟ್ಟಿಕೊಂಡಿದ್ದೆ. ಅದರಲ್ಲಿ ಮಾತು ನಾಲ್ಕಾಣೆ. ಉಳಿದದ್ದು ಸಿಳ್ಳೆ, ಗುಂಯ್‌ಗುಡುವಿಕೆ, ಹಪ್ಪಳ ಕರಿದ ಸದ್ದು. ಎರಡು ಗಂಟೆ ಹೆಡ್‌ಫೋನ್ ಹಾಕಿ ಕೂತು ಎದ್ದರೆ ಹೆಂಡತಿ ಮಾತಾಡಿದರೂ ಸಿಟ್ಟು ಬರುತ್ತಿತ್ತು.

ಹೆದರುವ ರೇಡಿಯೋ

ಪಕ್ಕದ ಮನೆಯ ಹೋಟೆಲಿನವರು ಒಂದು ಸಂಜೆ ಬಂದು ಹೇಳಿದರು, "ಮಾಸ್ಟ್ರೇ, ವಾರ್ತೆಯ ಹೊತ್ತಿಗೆ ಸರಿಯಾಗಿ ನಮ್ಮ ರೇಡಿಯೋ ಕೀಂಯ್ ಅಂತದೆ. ಸ್ವಲ್ಪ ನೋಡ್ತೀರಾ?"

ನನ್ನ ಸೆಟ್ಟು ಆರಿಸಿ ಹೋದೆ. ಅವರ ರೇಡಿಯೋ ಸ್ಪಷ್ಟವಾಗಿ ಮಾತಾಡುತ್ತಿತ್ತು. ಮನೆಗೆ ಬಂದು ನನ್ನದನ್ನು ಹಾಕಿದೆ. ಅವರು ಮತ್ತೆ ಓಡಿ ಬಂದರು. ಮೂರು ಸಲ ಹೀಗಾದ ಮೇಲೆ ನನಗೆ ಅರ್ಥವಾಯಿತು: ನನ್ನ ಸೆಟ್ಟಿನ ಸಿಳ್ಳೆಯೇ ಅವರ ರೇಡಿಯೋಕ್ಕೂ ನುಗ್ಗುತ್ತಿತ್ತು. ಹೇಗೆ ಹೇಳುವುದೆಂದು ತಡವರಿಸುವಾಗ ಅವರೇ ಹೇಳಿದರು, "ನನಗೆ ಗೊತ್ತಾಯಿತು. ನಮ್ಮ ರೇಡಿಯೋಕ್ಕೆ ನಿಮ್ಮನ್ನು ಕಂಡರೆ ಹೆದರಿಕೆ ಉಂಟು, ನೀವು ಎದುರಿದ್ದರೆ ಕೀಂಯ್ ಅನ್ನುವುದಿಲ್ಲ. ದಿನಾ ವಾರ್ತೆ ಮುಗಿಯುವವರೆಗೆ ಇಲ್ಲೇ ಕೂತಿರಿ, ಕಾಫಿ ಕೊಡ್ತೇನೆ."

ಒಂದು ತಿಂಗಳು ಕೂತೆ.

ಆಗಬಹುದು, ಆಗಬಹುದು

ಬೆಳ್ತಂಗಡಿಯಲ್ಲಿ ಒಬ್ಬರು ಬ್ಯಾರಿ ಸಾಹೇಬರು, ಜವಳಿ ವ್ಯಾಪಾರಿ. ನನ್ನ ಹಾಗೆಯೇ ಲೈಸೆನ್ಸು ಇದ್ದವರು. ಒಂದು ಶನಿವಾರ ಅವರು ಸೆಟ್ಟಿನಲ್ಲಿ ಅರ್ಧ ಗಂಟೆ ಮಾತಾಡಿದರು. ನನಗೆ ಕೇಳಿಸಿದ್ದು ಜೇನುಗೂಡಿನ ಗುಂಯ್ ಮಾತ್ರ. "ಇನ್ನೊಮ್ಮೆ ಹೇಳಿ" ಎಂದು ನಾಲ್ಕು ಸಲ ಕೇಳಿ, ಐದನೆಯ ಸಲ ನಾಚಿಕೆಯಾಗಿ, ತಲೆಯೂ ಸಿಡಿದು, "ಆಗಬಹುದು, ಆಗಬಹುದು" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಮನೆಯೆದುರು ಬಸ್ಸು ನಿಂತಿತು. ಸಾಹೇಬರು, ಅವರ ಹೆಂಡತಿ, ಮಕ್ಕಳು, ಅತ್ತೆ, ಎಲ್ಲ ಸೇರಿ ಹನ್ನೊಂದು ಜನ ಇಳಿದರು.

"ನಾವೆಲ್ಲ ಊಟಕ್ಕೆ ಬರಬಹುದಾ ಅಂತ ಕೇಳಿದರೆ ನೀವು ಎರಡೆರಡು ಸಲ ಆಗಬಹುದು ಅಂದಿರಿ. ಅಷ್ಟು ಒತ್ತಾಯ ಮಾಡಿದ ಮೇಲೆ ಬಾರದೆ ಇರುವುದು ಹೇಗೆ?" ಎಂದರು ಸಾಹೇಬರು.

ನನ್ನ ಹೆಂಡತಿ ನಗುತ್ತಲೇ ಒಳಗೆ ಕರೆದಳು. ಅಡುಗೆಮನೆಯಲ್ಲಿ ನನಗೆ ಹೇಳಿದ್ದು ಮಾತ್ರ ಯಾವ ಅಡಚಣೆಯೂ ಇಲ್ಲದೆ ಸ್ಪಷ್ಟವಾಗಿ ಕೇಳಿಸಿತು.

ವಿಶ್ರಾಂತಿ

ಆಮೇಲೆ ಸೆಟ್ಟಿನಲ್ಲಿ ಸಣ್ಣದೊಂದು ಸಿಳ್ಳೆ ಶುರುವಾಯಿತು. ಒಂದು ಭಾನುವಾರ ಹೆಡ್‌ಫೋನ್ ಹಾಕಿಕೊಂಡೇ ವಾಲ್ವ್ ಬದಲಿಸಿದೆ, ತಂತಿ ಬದಲಿಸಿದೆ. ಸಿಳ್ಳೆ ಹೋಗಲಿಲ್ಲ. ಹೆಂಡತಿ ಬಂದು ಭುಜ ತಟ್ಟಿದಳು.

"ಏನು ಮಾಡ್ತಾ ಇದ್ದೀರಿ?"

"ಈ ಸಿಳ್ಳೆ ಎಲ್ಲಿಂದ ಅಂತ ಹುಡುಕ್ತಾ ಇದ್ದೇನೆ."

"ಕರೆಂಟು ಹೋಗಿ ಒಂದು ಗಂಟೆ ಆಯಿತಲ್ಲ ಮಾರಾಯ್ರೇ."

ಸಿಳ್ಳೆ ನನ್ನ ಕಿವಿಯಲ್ಲಿತ್ತು. ಗಾಬರಿಯಾಗಿ ಮರುದಿನವೇ ಮೂಡಬಿದ್ರೆಯ ಡಾಕ್ಟರರ ಹತ್ತಿರ ಹೋದೆ. ಅವರು ಟಾರ್ಚು ಹಾಕಿ ಎರಡೂ ಕಿವಿ ನೋಡಿ, "ರೋಗ ಇಲ್ಲ. ಕೇಳಿ ಕೇಳಿ ದಣಿದಿವೆ ಅಷ್ಟೆ. ಒಂದು ತಿಂಗಳು ರೇಡಿಯೋದ ಹತ್ತಿರ ಸುಳಿಯಬೇಡಿ. ಕಟ್ಟುನಿಟ್ಟು" ಎಂದರು.

ಒಪ್ಪಿಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಡಾಕ್ಟರರು ಹಿಂದೆಯೇ ಜಗಲಿಗೆ ಬಂದು ದನಿ ತಗ್ಗಿಸಿದರು.

"ಮಾಸ್ಟ್ರೇ, ನಮ್ಮ ಮನೆ ಇಲ್ಲೇ ಹಿಂದೆ ಉಂಟು. ಒಂದು ವಾರದಿಂದ ನಮ್ಮ ರೇಡಿಯೋ ಸಿಳ್ಳೆ ಹಾಕ್ತಾ ಉಂಟು. ಹೇಗೂ ಬಂದಿದ್ದೀರಲ್ಲ, ಹೋಗುವ. ಒಮ್ಮೆ ಕಿವಿಯಿಟ್ಟು ನೋಡಿ."