ಹುರಿದ ಮಣ್ಣು, ಹಸಿ ಮಣ್ಣು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನನ್ನ ನೆನಪು ಮೊದಲಿನಿಂದಲೂ ಅಷ್ಟು ನಂಬಿಗಸ್ತ ಅಲ್ಲ. ಬಸುರಿಯಾದ ಮೇಲಂತೂ ಒಲೆಯ ಮೇಲೆ ಚಹಾ ಇಟ್ಟು ಪಕ್ಕದ ಮನೆಗೆ ಚಹಾಕ್ಕೆ ಹೋಗುತ್ತೇನೆ. ಆದರೆ ಮಣ್ಣು ತಿಂದದ್ದು ಮಾತ್ರ ಖಾತ್ರಿ.

ಬಯಕೆ ಯಾರಿಗಿಲ್ಲ? ಕೆಲವರಿಗೆ ಹುಣಸೆಕಾಯಿ, ನನಗೆ ಕಾಗಿಣಾ ನದಿ ದಂಡೆಯ ಮಣ್ಣು. ಸೇಡಂನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ಹೀಗೆ ಮಾಡಬಹುದೇ ಎಂದು ನನ್ನನ್ನೇ ಕೇಳಿಕೊಂಡೆ. ಕೇಳಿಕೊಳ್ಳುವಾಗಲೂ ಬಾಯಲ್ಲಿ ಒಂದು ಚೂರು ಇತ್ತು. ನನ್ನ ಗಂಡ ನಾನು ಅದನ್ನಿಟ್ಟಿದ್ದ ಡಬ್ಬಿ ತೆರೆದು ನೋಡಿ, ಮುಖಕ್ಕೆ ಹಚ್ಚಿಕೊಳ್ಳುವ ಮಣ್ಣೆಂದು ತಿಳಿದು, ಇತ್ತೀಚೆಗೆ ಮುಖಕ್ಕೆ ಕಳೆ ಬಂದಿದೆ ಎಂದು ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ.

ಮಣ್ಣು ಕೊಟ್ಟವಳು ದಂಡೋತಿಯ ದೊಡ್ಡವ್ವ, ನನ್ನ ಅವ್ವನ ಅಕ್ಕ. ನಮ್ಮ ಮನೆತನದ ಬಸುರಿಯರಿಗೆಲ್ಲ ಮಣ್ಣು ಅವಳದೇ. ಜರಡಿ ಹಿಡಿದು, ನೀರು ಹಾಕಿ ಬಿಲ್ಲೆ ತಟ್ಟಿ, ರೊಟ್ಟಿ ಹಂಚಿನ ಮೇಲೆ ಹುರಿದು, ಎಲೆ ಅಡಿಕೆಯ ಸಂಚಿಯಲ್ಲಿಟ್ಟು ತರುತ್ತಾಳೆ. ಹುರಿದಿರುತ್ತಾಳೆಂಬ ನಂಬಿಕೆಯಲ್ಲೇ ತಿಂಗಳುಗಟ್ಟಲೆ ತಿಂದೆ. ಮೊನ್ನೆ ದಂಡೋತಿಗೆ ಹೋದಾಗ ಹಿತ್ತಿಲಲ್ಲಿ ಆ ಮಣ್ಣಿನ ಗುಡ್ಡೆ ಕಂಡಿತು. ಅದರ ಮೇಲೆ ಬೆಕ್ಕು ಕೂತಿತ್ತು. ಬೆಕ್ಕುಗಳು ಸಡಿಲ ಮಣ್ಣು ಹುಡುಕಿಕೊಂಡು ಹೋಗಿ ಯಾಕೆ ಕೂರುತ್ತವೆ ಎಂಬುದು ಎಲ್ಲರಿಗೂ ಗೊತ್ತು.

ಬೇರೆಯವರಿಗೆ ಬೆಕ್ಕು ಕಂಡರೆ ನನಗೆ ಟೊಕ್ಸೊಪ್ಲಾಸ್ಮಾ ಕಂಡಿತು. ಈ ಪರಾವಲಂಬಿ ಬೆಕ್ಕಿನಿಂದ ಮಣ್ಣಿಗೆ, ಮಣ್ಣಿನಿಂದ ಬಾಯಿಗೆ, ಅಲ್ಲಿಂದ ಹೊಟ್ಟೆಯಲ್ಲಿರುವ ಕೂಸಿನ ಕಣ್ಣಿಗೆ, ಮಿದುಳಿಗೆ ಹೋಗಬಲ್ಲದು. ಎಂ.ಎಸ್ಸಿಯಲ್ಲಿ ಇದರೊಳಗಿನ ಫಾಸ್ಫೇಟಿನ ಮೇಲೆಯೇ ನನ್ನ ಪ್ರಾಜೆಕ್ಟ್. ಒಂದೇ ಕೋಶದ ಈ ಜೀವಿಗೆ ತಲೆಯಿಲ್ಲ, ಹೊಟ್ಟೆಯಿಲ್ಲ, ಆದರೆ ಸಂಚಿಗಳುಂಟು. ಒಳಗೆಲ್ಲ ಆಮ್ಲವಿರುವ ಪುಟ್ಟ ಸಂಚಿಗಳು. ಫಾಸ್ಫೇಟನ್ನು ಒಂದಕ್ಕೊಂದು ಪೋಣಿಸಿ, ಉದ್ದನೆಯ ಸರ ಮಾಡಿ, ಕ್ಯಾಲ್ಸಿಯಂ ಜೊತೆ ಅಲ್ಲಿ ತುಂಬಿಡುತ್ತದೆ; ಬೇಕಾದಾಗ ಬಿಚ್ಚಿಕೊಳ್ಳುತ್ತದೆ. ಎಷ್ಟು ಅಚ್ಚುಕಟ್ಟು ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಈಗ ಆ ಅಚ್ಚುಕಟ್ಟುತನ ನನ್ನೊಳಗೇ ನಡೆದಿದ್ದರೆ? ಸಮಾಧಾನ ಒಂದೇ: ಹಂಚಿನ ಬಿಸಿಯ ಮುಂದೆ ಅದರ ಯಾವ ಸಂಚಿಯೂ ನಡೆಯದು. ಹುರಿದಿದ್ದರೆ ಬದುಕಿದೆವು.

ಹುರಿದಿತ್ತೇ? ನಾಲಿಗೆಯನ್ನು ಕೇಳಿದೆ. ಹೊಗೆಯ ರುಚಿ ಇತ್ತು ಎಂದು ಬೆಳಿಗ್ಗೆ ಹೇಳುತ್ತದೆ, ಇರಲಿಲ್ಲ ಎಂದು ಸಂಜೆ ಹೇಳುತ್ತದೆ. ಅಲ್ಲದೆ ದೊಡ್ಡವ್ವನ ಅಡುಗೆ ಈಗ ಗ್ಯಾಸಿನ ಮೇಲೆ. ಹುರಿದರೂ ಹೊಗೆ ಎಲ್ಲಿಂದ ಬರಬೇಕು? ಪರಾವಲಂಬಿಯ ಸಂಚಿಯಲ್ಲಿ ಏನಿದೆ ಎಂದು ಪುಟಗಟ್ಟಲೆ ಬರೆದವಳಿಗೆ ದೊಡ್ಡವ್ವನ ಸಂಚಿಯಲ್ಲಿ ಏನಿತ್ತೆಂದು ಗೊತ್ತಿಲ್ಲ.

ಕಲಬುರಗಿಯ ಡಾಕ್ಟರಮ್ಮ ರಕ್ತ ತೆಗೆದುಕೊಂಡರು. ರಿಪೋರ್ಟ್ ಸೋಮವಾರ ಬರುತ್ತದೆ. “ಏನ್ರಿ ಮೇಡಂ, ಕೆಮಿಸ್ಟ್ರಿ ಕಲಸ್ತೀರಿ, ಮಣ್ಣು ತಿಂತೀರಿ?” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನಗಲಿಲ್ಲ. “ಹುರದಿದ್ರ ಅಷ್ಟು ಅಂಜಿಕಿ ಇಲ್ಲ. ಕೊಟ್ಟವರಿಗಿ ಕೇಳ್ರಿ.”

ಫೋನು ಮಾಡಿದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. “ನಿಮ್ಮವ್ವ ನೀ ಹೊಟ್ಟ್ಯಾಗಿದ್ದಾಗ ಬುಟ್ಟಿಗಟ್ಲೆ ತಿಂದಾಳ. ನಿನಗೇನಾಗ್ಯಾದ? ಭಾಳ ಓದಿದ್ದೊಂದು ಬಿಟ್ರ ನೆಟ್ಟಗೇ ಇದ್ದಿ.” ಬೆಕ್ಕಿನ ವಿಷಯ ತೆಗೆದರೆ, ಅದು ಭಾಳ ಶಾಣ್ಯಾ ಬೆಕ್ಕು ಎಂದಳು. ಸಿಲಿಂಡರ್ ಬೇಗ ಖಾಲಿಯಾಗುತ್ತದೆ, ಈಗೀಗ ಹಪ್ಪಳ ಸುಡುವುದನ್ನೂ ಬಿಟ್ಟಿದ್ದೇನೆ ಎಂದಳು.

“ದೊಡ್ಡವ್ವ, ಖರೇ ಹೇಳು. ನನಗ ಕೊಟ್ಟ ಮಣ್ಣು ಹುರದಿದ್ದೇನು?”

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.