ಮೋಹನದಾಸರ ಗಿಟಾರಿಗೆ ಮೂರು ಕೈ ಎಣ್ಣೆ

"ಅಂಗಡಿಯ ಗಿಟಾರ್ ಈ ಮನೆಯ ಹೊಸ್ತಿಲು ದಾಟಬಾರದು!"

ಮೋಹನದಾಸರು ಹೀಗೆ ಘೋಷಿಸಿ ಚಹಾದ ಲೋಟವನ್ನು ಮೇಜಿಗೆ ಕುಟ್ಟಿದ ರಭಸಕ್ಕೆ ಅರ್ಧ ಚಹಾ ಮೇಜಿಗೂ ಉಳಿದರ್ಧ ಅವರ ಲುಂಗಿಗೂ ಹಂಚಿಹೋಯಿತು. ಬಿಸಿ ತಾಗಿದರೂ ಅವರು ಎದ್ದು ಕುಣಿಯಲಿಲ್ಲ. ಪ್ರತಿಜ್ಞೆ ಮಾಡುವಾಗ ಕುಣಿಯಬಾರದು ನೋಡಿ.

"ಮತ್ತೆ ನಾನು ಎಂತ ಬಾರಿಸುದು? ಸಟ್ಟುಗವಾ?" ಎಂದರು ಹೆಂಡತಿ ಕಿನ್ನಿ.

"ನಾನು ಮಾಡಿ ಕೊಡ್ತೇನೆ. ಈ ಕೈಯಲ್ಲಿ! ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ಕರೆಂಟಿನ ಜೊತೆ ಸಂಸಾರ ಮಾಡಿದವ ನಾನು. ಕರೆಂಟಿನ ಗಿಟಾರ್ ಅಂದ್ರೆ ಎಂತ? ಒಂದು ಹಲಗೆ, ಆರು ತಂತಿ, ಒಂದು ವಯರು!"

"ಮಿಕ್ಸಿ ರಿಪೇರಿ ಮಾಡುವಾಗಲೂ ಹೀಗೇ ಹೇಳಿದ್ರಿ."

ಆ ಮಿಕ್ಸಿ ಈಗ ಸ್ವಿಚ್ ಹಾಕಿದರೆ ನಿಲ್ಲುತ್ತದೆ, ತೆಗೆದರೆ ತಿರುಗುತ್ತದೆ. ಆ ವಿಷಯ ಬಿಡೋಣ.

ಕಾಟಿಪಳ್ಳದ ಈ ಮನೆಯಲ್ಲಿ ಗಿಟಾರಿನ ಮಾತು ಬಂದದ್ದು ಹೀಗೆ. ಮಕ್ಕಳ ಮದುವೆಯಾಯಿತು, ಗಂಡ ಊರಿಗೆ ಬಂದು ಮನೆಯಲ್ಲಿ ಕೂತರು. ಕೂತ ಗಂಡನ ಸದ್ದನ್ನು ತಡೆದುಕೊಳ್ಳಲು ಇನ್ನೊಂದು ಸದ್ದು ಬೇಕೆಂದು ಕಿನ್ನಿ ಐವತ್ತೊಂದರ ಹರೆಯದಲ್ಲಿ ವಿಲ್ಲಿ ಮಾಸ್ಟ್ರ ಕ್ಲಾಸಿಗೆ ಸೇರಿದರು. ಒಂದೇ ವರ್ಷದಲ್ಲಿ ಬೆರಳು ಪಳಗಿತು. ಗದ್ದೆಯಲ್ಲಿ ನೇಜಿ ನೆಡುವಾಗ ಅವರ ತಾಯಿ ಹಾಡುತ್ತಿದ್ದ ಧಾಟಿಯೊಂದನ್ನು ಕ್ಲಾಸಿನ ಕರೆಂಟಿನ ಗಿಟಾರಿನಲ್ಲಿ ನುಡಿಸತೊಡಗಿದಾಗ ಮಾಸ್ಟ್ರು, "ಇದನ್ನು ಈ ಸಲದ ವಾರ್ಷಿಕೋತ್ಸವದಲ್ಲಿ ನುಡಿಸ್ಬೇಕು ನೀವು" ಎಂದುಬಿಟ್ಟರು.

ಆದರೆ ಹೊಸಬರಿಗೆ ಸಿಗುವುದು ಕೊನೆಯ ಸರದಿ. ಆ ಹೊತ್ತಿಗೆ ಸಭೆಯಲ್ಲಿ ಉಳಿಯುವುದು ಕುರ್ಚಿಗಳು ಮತ್ತು ಕುರ್ಚಿ ಬಾಡಿಗೆಗೆ ಕೊಟ್ಟವನು ಮಾತ್ರ!

"ಒಂದು ಸಲ, ಒಂದೇ ಸಲ, ಜನ ನನ್ನ ಪಾಟನ್ನು, ಅಮ್ಮನ ಆ ಹಾಡನ್ನು, ಕೊನೆಯವರೆಗೆ ಕೂತು ಕೇಳಿದ್ರೆ ಸಾಕು" ಎಂದು ಕಿನ್ನಿ ಒಗ್ಗರಣೆ ಹಾಕುತ್ತಾ ಹೇಳಿದ್ದು ಮೋಹನದಾಸರ ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷ ಮನೆ, ಮಕ್ಕಳು, ಅತ್ತೆಯ ಮೊಣಕಾಲು ನೋವು ಎಲ್ಲವನ್ನೂ ಒಬ್ಬಳೇ ಹೊತ್ತವಳು. ತನಗಾಗಿ ಏನನ್ನೂ ಕೇಳಿದವಳಲ್ಲ, ಸ್ವಂತದ ಗಿಟಾರನ್ನೂ. ಮೇಲಿನ ಪ್ರತಿಜ್ಞೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಮರುದಿನವೇ ಕಾರಿಲ್ಲದ ಕಾರ್ ಶೆಡ್ಡು ಕಾರ್ಖಾನೆಯಾಯಿತು. ಮರಕ್ಕಾಗಿ ಮೋಹನದಾಸರು ಬಂದರಿನಿಂದ ಫೆರಿ ಹತ್ತಿ ಬೆಂಗ್ರೆಗೆ ಹೋದರು. ಅಲ್ಲಿ ದೋಣಿ ಕೆಲಸದ ಯಾಹ್ಯಾ ಹಳೆಯ ದೋಣಿಯೊಂದನ್ನು ಬಿಚ್ಚಿ ಹಾಕಿದ್ದರು.

"ಮರ ಬೇಕಿತ್ತು ಯಾಹ್ಯಾಕ. ಗಿಟಾರಿಗೆ."

"ಎಂತದಕ್ಕೆ?"

"ಗಿಟಾರ್. ಬಾರಿಸುದು."

"ಓ, ಅದಾ! ನೀರಿಗೆ ಇಳಿಸ್ಲಿಕ್ಕೆ ಇಲ್ಲ ಅಲ್ವಾ? ಹಾಗಾದ್ರೆ ಧೈರ್ಯದಲ್ಲಿ ಕೊಡ್ತೇನೆ."

ಸಿಕ್ಕಿದ್ದು ಮೂವತ್ತು ವರ್ಷ ಕಡಲು ಕಂಡ ಹೆಬ್ಬಲಸಿನ ಹಲಗೆ. ಮೋಹನದಾಸರು ಕೊನೆಯ ಸಂದೇಹವನ್ನೂ ಅಲ್ಲೇ ಕೇಳಿದರು. "ವೀಡಿಯೊದಲ್ಲಿ ಹೇಳ್ತಾರೆ, ಕೆಲಸ ಎಲ್ಲ ಆದ ಮೇಲೆ ಮರಕ್ಕೆ ಎಣ್ಣೆ ಕುಡಿಸ್ಬೇಕಂತೆ. ಯಾವ ಎಣ್ಣೆ ಒಳ್ಳೇದು?"

ನಲವತ್ತು ವರ್ಷ ಮರಕ್ಕೆ ಒಂದೇ ಎಣ್ಣೆ ಹಚ್ಚಿದ ಮನುಷ್ಯನಲ್ಲಿ ಕೇಳುವ ಪ್ರಶ್ನೆಯೇ ಅದು? ಯಾಹ್ಯಾ ಒಳಗಿನಿಂದ ಕ್ಯಾನೊಂದನ್ನು ತಂದುಕೊಟ್ಟರು. "ನಾವು ಹೊಡೆಯುದು ಇದನ್ನೇ. ಮೂರು ಕೈ ಹೊಡೀರಿ. ನೂರು ವರ್ಷಕ್ಕೆ ಎಂತ ಆಗುದಿಲ್ಲ."

ಎರಡು ತಿಂಗಳು ಕಾಟಿಪಳ್ಳದ ಆ ಬೀದಿಗೆ ಮಧ್ಯಾಹ್ನದ ನಿದ್ದೆ ಇರಲಿಲ್ಲ. ಗರಗಸ ಕೂಗಿತು, ಉಳಿ ಕೆತ್ತಿತು, ಮೋಹನದಾಸರು ಬೆರಳು ಕೊಯ್ದುಕೊಂಡು ಎರಡಕ್ಕಿಂತಲೂ ಜೋರಾಗಿ ಕಿರುಚಿದರು. ಗಿಟಾರಿನ ಕತ್ತು ಮೊದಲ ಸಲ ಬಾಗಿತು, ಎರಡನೆಯ ಸಲ ಸೀಳಿತು, ಮೂರನೆಯ ಸಲ ನೆಟ್ಟಗೆ ನಿಂತಿತು. ತಂತಿ, ಕೀಲಿ, ಸ್ವರ ಹಿಡಿಯುವ ಪಿಕಪ್ ಪಾರ್ಸೆಲಿನಲ್ಲಿ ಬಂದವು. ವಾರ್ಷಿಕೋತ್ಸವಕ್ಕೆ ಒಂದು ವಾರ ಇರುವಾಗ ಮೂರು ಕೈ ಎಣ್ಣೆ ಕುಡಿದು ಗಿಟಾರ್ ಮದುಮಗನ ಹಾಗೆ ಮಿರಮಿರ ಮಿಂಚಿತು! ಮೋಹನದಾಸರು ಅಭ್ಯಾಸಕ್ಕೆಂದು ಮನೆಗೆ ತಂದಿದ್ದ ಕ್ಲಾಸಿನ ಗಿಟಾರನ್ನು ಎತ್ತಿಕೊಂಡು ಹೋಗಿ, "ಇನ್ನು ನಮಗೆ ಇದರ ಅಗತ್ಯ ಇಲ್ಲ ಮಾಸ್ಟ್ರೆ" ಎಂದು ಗತ್ತಿನಲ್ಲಿ ಒಪ್ಪಿಸಿ ಬಂದರು.

ಕಿನ್ನಿ ಮೂರು ದಿನ ಅದರಲ್ಲಿ ಅಭ್ಯಾಸ ಮಾಡಿದರು. ಸ್ವರವೇನೋ ಜೇನು. ಆದರೆ ನುಡಿಸಿದಾಗಲೆಲ್ಲ ಬೆರಳು ಮೂಸಿ ನೋಡಿ, "ಛೆ, ಕೈ ಸರಿ ತೊಳೀಲಿಲ್ಲ" ಎಂದು ಎದ್ದು ಸಾಬೂನು ಹಚ್ಚುತ್ತಿದ್ದರು. ದಿನವೂ ಬೂತಾಯಿಯೋ ಬಂಗುಡೆಯೋ ಒಂದು ಮೀನು ಬೇಯುವ ಮನೆ ಅದು. ಅನುಮಾನ ಬರುವುದಾದರೂ ಯಾರ ಮೇಲೆ?

ಅನುಮಾನ ಬಂದದ್ದು ವಾರ್ಷಿಕೋತ್ಸವದ ಹಿಂದಿನ ದಿನ, ಶನಿವಾರ. ಶನಿವಾರ ಆ ಮನೆಯಲ್ಲಿ ಮೀನಿಲ್ಲ. ಹೆಸರುಕಾಳಿನ ಗಸಿ ಒಲೆಯ ಮೇಲಿತ್ತು. ಕಿನ್ನಿ ಅಡುಗೆಕೋಣೆಯಿಂದ ಹೊರಗೆ ಬಂದು ಮೂಗು ಅರಳಿಸಿ ನಿಂತರು.

"ಶನಿವಾರ ಮೀನು ತಂದದ್ದು ಯಾರು?"

"ನಾನಲ್ಲಪ್ಪ!"

ವಾಸನೆಯ ಜಾಡು ಹಿಡಿದು ಗಂಡ ಹೆಂಡತಿ ಹೊರಟರು. ಫ್ರಿಜ್ ಅಲ್ಲ. ಕಸದ ಬುಟ್ಟಿಯೂ ಅಲ್ಲ. ಜಾಡು ಚಾವಡಿಗೆ ಬಂದು ಸೋಫಾದ ಮೇಲೆ ರಾಜಗಾಂಭೀರ್ಯದಿಂದ ಮಲಗಿದ್ದ ಗಿಟಾರಿನ ಬಳಿ ನಿಂತಿತು. ಕಿಟಕಿಯ ಹೊರಗೆ ಐದು ಬೆಕ್ಕುಗಳು ಸಾಲಾಗಿ ಕೂತಿದ್ದವು.

ಮೋಹನದಾಸರು ಬೆಂಗ್ರೆಗೆ ಫೋನ್ ಮಾಡಿದರು. "ಯಾಹ್ಯಾಕ, ಆ ಎಣ್ಣೆ ಎಂತದ್ದು?"

"ಬೂತಾಯಿದು. ದೋಣಿಗೆ ಮತ್ತೆಂತ ಹೊಡೀತಾರೆ, ಮಲ್ಲಿಗೆದ್ದಾ?"

ಕಿನ್ನಿ ಕೂಡಲೇ ವಿಲ್ಲಿ ಮಾಸ್ಟ್ರಿಗೆ ಫೋನ್ ಮಾಡಿದರು. ಕ್ಲಾಸಿನಲ್ಲಿ ಇದ್ದ ಕರೆಂಟಿನ ಗಿಟಾರ್ ಅದೊಂದೇ. "ನಿಮಗೆ ಬೇಡ ಅಂತ ಮೋಹನಣ್ಣ ಹೇಳಿದ್ರಲ್ಲ, ರಿಪೇರಿಗೆ ಕೊಟ್ಟೆ. ಬಿಚ್ಚಿ ಹಾಕಿದ್ದಾರೆ" ಎಂದರು ಮಾಸ್ಟ್ರು.

ಕಿನ್ನಿ ಫೋನ್ ಕೆಳಗಿಟ್ಟು ಗಂಡನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಮೋಹನದಾಸರಿಗೆ ಎಷ್ಟೋ ಹಗುರಾಗುತ್ತಿತ್ತು! ಸೆರಗು ಸೊಂಟಕ್ಕೆ ಸಿಕ್ಕಿಸಿ, "ತಂತಿ, ಪಿಕಪ್ ಎಲ್ಲ ಬಿಚ್ಚಿ. ಮೀನಿನ ವಾಸನೆ ತೆಗೀಲಿಕ್ಕೆ ನಮಗೆ ಯಾರಾದ್ರೂ ಹೇಳಿಕೊಡ್ಬೇಕಾ?" ಎಂದರು.

ಉಪ್ಪು ತಿಕ್ಕಿದರು. ಹುಣಸೆಹುಳಿ ತಿಕ್ಕಿದರು. ಅರಸಿನ ತಿಕ್ಕಿದರು. ಒರೆಸಿ, ತಾರಸಿಯ ಬಿಸಿಲಿಗೆ ಇಟ್ಟರು. ಮದುಮಗ ಈಗ ಅರಸಿನ ಶಾಸ್ತ್ರ ಮುಗಿಸಿ ಹಳದಿಯಾಗಿ ಮಲಗಿದ್ದ. ಕಾಗೆಗಳು ಬಂದವು. ಮೋಹನದಾಸರು ಕೊಡೆ ಹಿಡಿದು, ಕೋಲು ಹಿಡಿದು ಕಾವಲು ಕೂತರು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ರೈಹಾನಾ ಇಣುಕಿದಳು.

"ಎಂತ ಮೋಹನಣ್ಣ, ಒಣಮೀನು ಮಾಡ್ತೀರಾ?"

"ಗಿಟಾರಮ್ಮ, ಗಿಟಾರು!"

"ಹೌದಾ? ನಮ್ಮಲ್ಲಿ ಬೆಕ್ಕು ಬಾರದ ಹಾಗೆ ಮೆಣಸಿನ ಹುಡಿ ಹಾಕ್ತಾರೆ. ತರ್ಲಾ?"

ಮೆಣಸಿನ ಹುಡಿಯೂ ಬಂತು. ಗಿಟಾರಿನ ಬೆನ್ನಿಗೆ ಸವರಿದರು. ಮರದ ಹೊಳಪು ಹೋಯಿತೆಂದು ಕಿನ್ನಿ ಕೊನೆಗೆ ತೆಂಗಿನೆಣ್ಣೆಯನ್ನೂ ಹಚ್ಚಿದರು. ಉಪ್ಪು, ಹುಳಿ, ಅರಸಿನ, ಮೆಣಸು, ತೆಂಗಿನೆಣ್ಣೆ. ಇನ್ನು ಕಾವಲಿ ಒಂದೇ ಬಾಕಿ! ಆ ಸಂಭ್ರಮದಲ್ಲಿ ಅದು ಇಬ್ಬರಿಗೂ ಹೊಳೆಯಲಿಲ್ಲ. ಹಸಿ ವಾಸನೆ ಹೋಯಿತಲ್ಲ ಎಂಬುದೇ ದೊಡ್ಡ ನೆಮ್ಮದಿ.

ಆದಿತ್ಯವಾರ ಸಂಜೆ ಸುರತ್ಕಲಿನ ಸಭಾಭವನ ತುಂಬಿತ್ತು. ಕೊನೆಯ ಸರದಿಯ ಹೊತ್ತಿಗೆ ಎಂದಿನಂತೆ ಜನ ಚೀಲ ಹುಡುಕತೊಡಗಿದ್ದರು. ಕಿನ್ನಿ ವೇದಿಕೆಗೆ ಬಂದು ಕೂತರು. ಎರಡು ದೊಡ್ಡ ಲೈಟುಗಳು ಗಿಟಾರಿನ ಮೇಲೆ ಬೆಳಗಿದವು. ಬೆನ್ನ ಹಿಂದೆ ಒಂದು ಆಳೆತ್ತರದ ಫ್ಯಾನು ಸಭೆಯ ಕಡೆ ಮುಖ ಮಾಡಿ ಗಾಳಿ ಬೀಸುತ್ತಿತ್ತು.

ಮೊದಲ ಸ್ವರ ಹೊರಟಿತು. ನೇಜಿ ನೆಡುವ ಗದ್ದೆಯ ಧಾಟಿ ಕರೆಂಟಿನಲ್ಲಿ ಎಳೆಎಳೆಯಾಗಿ ಹರಿಯಿತು. ಲೈಟಿನ ಕಾವಿಗೆ ಗಿಟಾರ್ ಬಿಸಿಯಾಯಿತು. ಹೊರಡಲೆಂದು ಎದ್ದವರು ತಟ್ಟನೆ ನಿಂತು, ಮತ್ತೆ ಕೂತರು! ಬಾಗಿಲು ದಾಟಿದವರು ಹಿಂದೆ ಬಂದರು. ಮುಂದಿನ ಸಾಲಿನಲ್ಲಿದ್ದ ಮೋಹನದಾಸರು ಹಿಂತಿರುಗಿ ನೋಡಿದರೆ ಸಭೆಯೆಲ್ಲ ಮೂಗು ಎಳೆಯುತ್ತಿದೆ. 'ಅಳ್ತಿದ್ದಾರೆ! ಜನ ಅಳ್ತಿದ್ದಾರೆ!' ಎಂದು ಅವರ ಕಣ್ಣೂ ತುಂಬಿತು.

ಕೊನೆಯ ಸ್ವರದವರೆಗೆ ಒಬ್ಬರೂ ಕದಲಲಿಲ್ಲ. ವಿಲ್ಲಿ ಮಾಸ್ಟ್ರು ಓಡಿಬಂದು ಕೈ ಕುಲುಕಿದರು. "ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೊನೆಯವರೆಗೆ ಸಭೆ ಫುಲ್!" ಕಿನ್ನಿಯ ಮುಖ ಹೂವಾಯಿತು. ಮೋಹನದಾಸರು ಎದೆ ಉಬ್ಬಿಸಿ ಎರಡು ಮಾತಾಡಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹಿರಿಯ ಅಪೊಲೋನಿಯಾ ಬಾಯಮ್ಮ ಕೋಲೂರಿಕೊಂಡು ವೇದಿಕೆಯ ಬುಡಕ್ಕೆ ಬಂದರು.

"ಮಾಸ್ಟ್ರೆ, ಊಟ ಯಾವ ಕಡೆ?"

"ಊಟ? ಊಟ ಇಲ್ಲ ಬಾಯಮ್ಮ."

"ಎಂತ ಇಲ್ಲ? ಪುಳಿಮುಂಚಿ ಸಾರಿನ ಪರಿಮಳ ಬರ್ತಾ ಉಂಟು! ಬೂತಾಯಿದು! ಅದಕ್ಕೇ ಅಲ್ವಾ ನಾವೆಲ್ಲ ಕೂತದ್ದು?"

ಸಭೆ "ಹೌದು, ಹೌದು" ಎಂದಿತು.

ಕಿನ್ನಿ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವರು ಅವರೇ. ಆದರೆ ಗಿಟಾರನ್ನು ಚೀಲಕ್ಕೆ ಹಾಕುವಾಗ, "ಹಾಗಾದ್ರೆ ಪಾಟಿಗೆ ಕೂತದ್ದಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದು ಮೋಹನದಾಸರಿಗೆ ಕೇಳಿಸಿತು. ಅವರ ಉಬ್ಬಿದ ಎದೆ ಸೂಜಿ ಚುಚ್ಚಿದ ಬಲೂನಾಯಿತು. ಎರಡು ತಿಂಗಳ ಬೆವರು, ಮೂರು ಕತ್ತು, ನಾಲ್ಕು ಬೆರಳಿನ ಗಾಯ ಎಲ್ಲ ಸೇರಿ ಅವಳ ಒಂದೇ ಒಂದು ಆಸೆಗೆ ಮೀನಿನ ಒಗ್ಗರಣೆ ಹಾಕಿದ್ದವು. ಅವರು ಮೈಕ್ ಹಿಡಿದರು.

"ಬರುವ ಆದಿತ್ಯವಾರ ಎಲ್ಲರೂ ನಮ್ಮ ಮನೆಗೆ ಬನ್ನಿ. ಬೂತಾಯಿ ಪುಳಿಮುಂಚಿ ಉಂಟು. ಮೀನು ಕ್ಲೀನ್ ಮಾಡುದು ನಾನು, ಬೇಯಿಸುದೂ ನಾನು. ಕಿನ್ನಿಗೆ ಒಲೆ ಹತ್ತಿರ ಕೆಲಸ ಇಲ್ಲ. ಅವಳು ಪಾಟು ಬಾರಿಸ್ತಾಳೆ."

ಸ್ಕೂಟರಿನಲ್ಲಿ ಹಿಂದೆ ಕೂತ ಕಿನ್ನಿ ಗಿಟಾರನ್ನು ಅಪ್ಪಿಕೊಂಡು, "ನೀವು ಗಲ್ಫಿನಿಂದ ಕಳಿಸಿದ ಸಾಮಾನಿಗೆಲ್ಲ ಅಂಗಡಿಯ ವಾಸನೆ ಇತ್ತು. ಇದಕ್ಕೆ ನಮ್ಮ ಮನೆಯ ವಾಸನೆ ಉಂಟು" ಎಂದರು. ಮೋಹನದಾಸರಿಗೆ ಎದುರಿನ ರಸ್ತೆ ಸ್ವಲ್ಪ ಮಂಜಾಯಿತು. ದೂಳು ಇರಬೇಕು.

ಮುಂದಿನ ಆದಿತ್ಯವಾರ ಯಾಹ್ಯಾ ಬುಟ್ಟಿ ತುಂಬ ಬೂತಾಯಿ ಹೊತ್ತು ತಂದರು. "ತಪ್ಪು ನನ್ನದೂ ಉಂಟಲ್ಲ" ಎಂದು ತಾವೇ ಕತ್ತಿ ಹಿಡಿದು ಕೂತರು. ರೈಹಾನಾ ಮಸಾಲೆ ಕಡೆದು ಕೊಟ್ಟಳು, ಮಿಕ್ಸಿಯ ಸ್ವಿಚ್ಚನ್ನು ತೆಗೆದು. ವಿಲ್ಲಿ ಮಾಸ್ಟ್ರು ಸ್ಪೀಕರ್ ತಂದರು. ಗಿಟಾರ್ ಮಾಡಿದ ಮೇಜಿನ ಮೇಲೆಯೇ ಮೋಹನದಾಸರು ಮೊಣಕೈವರೆಗೆ ಹುರುಪೆ ಹಚ್ಚಿಕೊಂಡು ನಲವತ್ತು ಜನರಿಗಾಗುವಷ್ಟು ಮೀನು ಕ್ಲೀನ್ ಮಾಡಿದರು. ಕೇಳದೆಯೇ ಕೈಜೋಡಿಸಿದ ಇವರಿಗೆಲ್ಲ ಏನು ಹೇಳಬೇಕೆಂದು ತಿಳಿಯದೆ ಪ್ರತಿಯೊಬ್ಬರಿಗೂ ಎರಡೆರಡು ಸಲ ಚಹಾ ಕೊಟ್ಟರು.

ಚಾವಡಿಯಲ್ಲಿ ಕಿನ್ನಿ ನುಡಿಸಲು ಶುರುಮಾಡಿದಾಗ ಒಲೆಯ ಮೇಲೆ ಪುಳಿಮುಂಚಿ ಕುದಿಯುತ್ತಿತ್ತು. ಅದು ಬೆಂದು ತಯಾರಾದಾಗ ಮೋಹನದಾಸರು ಕೈ ಒರೆಸಿಕೊಂಡು ಬಾಗಿಲಿಗೆ ಬಂದರು.

"ಊಟ ರೆಡಿ! ಏಳಿ!"

ಯಾರೂ ಏಳಲಿಲ್ಲ.

"ಬೂತಾಯಿ ಬಿಸಿ ಬಿಸಿ ಉಂಟು!"

ಎದುರಿನ ಸಾಲಿನಿಂದ ಅಪೊಲೋನಿಯಾ ಬಾಯಮ್ಮ ಹಿಂದೆ ತಿರುಗದೆಯೇ ಕೋಲು ಎತ್ತಿದರು.

"ಶ್! ಬೆಂದ ಮೀನು ಎಲ್ಲಿಗಾದ್ರೂ ಈಜಿ ಹೋಗ್ತದಾ ಮಾರಾಯ? ನೀನು ಸ್ವಲ್ಪ ಆಚೆ ಹೋಗಿ ಕೂತ್ಕೊ. ನಿನ್ನ ಮೈಯ ವಾಸನೆಗೆ ಪಾಟು ಕೇಳ್ಲಿಕ್ಕೆ ಆಗ್ತಾ ಇಲ್ಲ!"

ಮೋಹನದಾಸರು ಸಂತೋಷದಿಂದ ಆಚೆ ಹೋಗಿ ಬೆಕ್ಕುಗಳ ಜೊತೆ ಕೂತರು.