ಉಪ್ಪಿಲ್ಲದ ಊಟದ ಬಗ್ಗೆ ಕೇಂದ್ರ ಕನ್ಸೋಲಿಗೊಂದು ಬಿನ್ನಹ

ನಮ್ಮ ಆಸ್ಪತ್ರೆಯ ಸಮಸ್ತ ಸರ್ವರುಗಳ ಏಕಚಕ್ರಾಧಿಪತಿಗಳೂ, ನನ್ನ ಮೇಜಿನ ದೊಡ್ಡ ಪರದೆಯ ನಿತ್ಯನಿವಾಸಿಗಳೂ ಆದ ಕೇಂದ್ರ ಆಡಳಿತ ಕನ್ಸೋಲ್ ಅವರ ಸನ್ನಿಧಿಗೆ,

ಮಾನ್ಯರೇ,

ಇದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಏಕೈಕ ನೌಕರನಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ದಯಮಾಡಿಸಿದ ಮೇಲೆ ನನ್ನ ಕಾಲುಗಳಿಗೆ ಬಹಳ ವಿಶ್ರಾಂತಿ ಸಿಕ್ಕಿದೆ. ಮೊದಲೆಲ್ಲ ಯಾವ ಸರ್ವರ್ ಚೀಟಿ ಮುದ್ರಿಸಬೇಕು, ಯಾವುದು ಕಡತ ಕಾಯಬೇಕು ಎಂದು ಹೇಳಲು ಒಂದೊಂದರ ಮುಂದೆಯೂ ಹೋಗಿ ನಿಲ್ಲಬೇಕಿತ್ತು. ತಾವು ಬಂದು ಅವುಗಳ ಹೊಣೆಗಳನ್ನೆಲ್ಲ, ತಮ್ಮ ಮಾತಿನಲ್ಲಿ ಹೇಳುವುದಾದರೆ ರೋಲ್‌ಗಳನ್ನೆಲ್ಲ, ಒಂದೇ ಪರದೆಯ ಮೇಲೆ ಸಾಲಾಗಿ ಕೂರಿಸಿದಿರಿ. ಕುಳಿತಲ್ಲೇ ಗುರುತು ಹಾಕಿದರೆ ಹೊಣೆ ಬಂತು, ತೆಗೆದರೆ ಹೋಯಿತು. ಆಹಾ, ಎಂಥ ಸುಖ! ಆ ಸುಖದಲ್ಲಿ ನನ್ನ ಹೊಟ್ಟೆ ತುಸು ಮುಂದೆ ಬಂದಿರುವುದನ್ನು ನನ್ನ ಹೆಂಡತಿ ಆಗಾಗ ನೆನಪಿಸುತ್ತಿರುತ್ತಾಳೆ.

ಹೀಗಿರಲಾಗಿ, ಈ ಸೋಮವಾರ ಬೆಳಿಗ್ಗೆ ತಾವು ನನಗೆ ಎರಡು ಸಲಹೆ ಕರುಣಿಸಿದಿರಿ. ಮುದ್ರಣದ ಹೊಣೆ ಅಗತ್ಯಕ್ಕಿಂತ ಹೆಚ್ಚು ಸರ್ವರುಗಳ ಮೇಲಿದೆ, ಕಡಿಮೆ ಮಾಡಲೇ ಎಂದಿರಿ. ಆಡಳಿತಗಾರರು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ, ಅವರನ್ನೂ ಕಡಿಮೆ ಮಾಡಲೇ ಎಂದಿರಿ. ಇಷ್ಟು ವಿನಯದಿಂದ ನನ್ನನ್ನು ಮನೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲವಾದ್ದರಿಂದ ನಾನು ಉಬ್ಬಿಹೋಗಿ, ಪೂರ್ತಿ ಓದದೆ, ‘ಎಲ್ಲಕ್ಕೂ ಒಪ್ಪಿಗೆ’ ಎಂಬ ಗುಂಡಿ ಒತ್ತಿಬಿಟ್ಟೆ. ತಾವು ಎಲ್ಲ ಸರ್ವರುಗಳಿಂದಲೂ ಮುದ್ರಣವನ್ನು ಕಳಚಿಹಾಕಿದಿರಿ. ಆ ಕೈಯಲ್ಲೇ ಇದ್ದೊಬ್ಬ ಆಡಳಿತಗಾರನನ್ನೂ, ಅಂದರೆ ನನ್ನನ್ನೂ, ಕಳಚಿಹಾಕಿದಿರಿ. ಆಮೇಲೆ ಹಸಿರು ಅಕ್ಷರಗಳಲ್ಲಿ ‘ಅಭಿನಂದನೆಗಳು, ನಿಮ್ಮ ವ್ಯವಸ್ಥೆ ಈಗ ಸಂಪೂರ್ಣ ಸುರಕ್ಷಿತ’ ಎಂದು ಸಾರಿದಿರಿ. ನಿಜ ಮಹಾಸ್ವಾಮಿ, ಯಾರೂ ಮುಟ್ಟಲಾಗದ ವ್ಯವಸ್ಥೆಗಿಂತ ಸುರಕ್ಷಿತವಾದದ್ದು ಇನ್ನೇನಿದೆ?

ಆದದ್ದನ್ನು ಸರಿಪಡಿಸಲು ಹೋದಾಗ ತಾವು ‘ನಿಮಗೆ ಅನುಮತಿ ಇಲ್ಲ, ದಯವಿಟ್ಟು ನಿಮ್ಮ ಆಡಳಿತಗಾರರನ್ನು ಸಂಪರ್ಕಿಸಿ’ ಎಂದಿರಿ. ಸಂಪರ್ಕಿಸಿದೆ. ಕೈತೊಳೆಯುವ ಕೋಣೆಯ ಕನ್ನಡಿಯಲ್ಲಿ ಸಿಕ್ಕರು. ಅವರ ಮುಖವೂ ಇಂಗು ತಿಂದ ಮಂಗನಂತಾಗಿತ್ತು. ತಮ್ಮನ್ನು ತಯಾರಿಸಿದ ಕಂಪನಿಗೆ ಫೋನ್ ಹಚ್ಚಿದರೆ, ಇಂಥ ವಿಷಯವನ್ನು ಆಡಳಿತಗಾರರೊಂದಿಗೆ ಮಾತ್ರ ಮಾತಾಡುವುದಾಗಿ ಬಹಳ ಸಭ್ಯವಾಗಿ ತಿಳಿಸಿದರು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಗಲಾಟೆ ಎದ್ದಿತ್ತು. ಯಾವ ರೋಗಿಗೆ ಉಪ್ಪು ಕೂಡದು ಎಂಬ ಚೀಟಿ ಅಲ್ಲಿಗೆ ಊಟಕ್ಕೆ ಮುಂಚೆ ಮುದ್ರಣವಾಗಿ ಬರುವುದು ವಾಡಿಕೆ. ಬರಲಿಲ್ಲ. ಮುಖ್ಯ ಅಡುಗೆಯವರು ಸೌಟು ಹಿಡಿದುಕೊಂಡೇ ನನ್ನ ಕೋಣೆಗೆ ಬಂದು, “ಚೀಟಿ ಇಲ್ವಾ? ಸರಿ, ಹಾಗಾದ್ರೆ ಯಾರಿಗೂ ಉಪ್ಪಿಲ್ಲ. ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರೇ ಹೇಳ್ತೀನಿ!” ಎಂದು ಹೋದರು. ಹೇಳಿದಂತೆಯೇ ನಡೆದುಕೊಂಡರು. ದೊಡ್ಡ ಡಾಕ್ಟರಿಂದ ಹಿಡಿದು ಬಾಗಿಲು ಕಾಯುವವರತನಕ ಎಲ್ಲರೂ ಸಪ್ಪೆ ಊಟ ಉಂಡು, ನಾನು ಎದುರಾದಾಗಲೆಲ್ಲ ಗುರಾಯಿಸತೊಡಗಿದರು.

ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಮಾನ್ಯರೇ, ಮೇಲಿನ ಮಹಡಿಯ ಹೆಂಗಸರ ವಾರ್ಡಿನಲ್ಲಿ ಮಂಡಿಯ ಆಪರೇಷನ್ ಮಾಡಿಸಿಕೊಂಡ ನಮ್ಮತ್ತೆ ಇದ್ದಾರೆ. ಮನೆಗೆ ಹೋಗಬಹುದೆಂದು ಡಾಕ್ಟರು ಅದೇ ಸೋಮವಾರ ಹೇಳಿದ್ದರು. ಹೋಗಲು ಬಿಡುಗಡೆಯ ಚೀಟಿ ಬೇಕು, ಅದು ಮುದ್ರಣವಾಗಿಯೇ ಇರಬೇಕು. ಹಿಂದೊಮ್ಮೆ ರೋಗಿಯೊಬ್ಬರು ತಮ್ಮ ಚೀಟಿಯನ್ನು ತಾವೇ ಬರೆದುಕೊಂಡು ಹೊರಟುಬಿಟ್ಟಿದ್ದರಿಂದ ಕೈಬರಹವನ್ನು ಬಾಗಿಲಲ್ಲಿ ಒಪ್ಪುವುದಿಲ್ಲ. ಹೀಗಾಗಿ ಅತ್ತೆ ಸೀರೆ ಬದಲಿಸಿ, ತಲೆ ಬಾಚಿ, ಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕುಳಿತರು, ಮಂಗಳವಾರವೂ ಹಾಗೆಯೇ ಕುಳಿತರು.

ತಾವು ನಮ್ಮತ್ತೆಯನ್ನು ಬಲ್ಲವರಲ್ಲ. ನನ್ನ ಮದುವೆಯಾದಾಗಿನಿಂದ ಅವರು ಮಗಳನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: “ನಿನ್ನ ಗಂಡ ಅಲ್ಲಿಗೆ ಕೆಲಸಕ್ಕೆ ಹೋಗ್ತಾರೋ, ಟಿ.ವಿ. ನೋಡೋಕೆ ಹೋಗ್ತಾರೋ?” ಈಗ ನನ್ನನ್ನು ಕಂಡು, ಇಡೀ ವಾರ್ಡಿಗೆ ಕೇಳುವಂತೆ, “ಅಳಿಯಂದ್ರು ಇರೋ ಆಸ್ಪತ್ರೆ, ಎಲ್ಲಾ ಸಲೀಸಾಗುತ್ತೆ ಅಂತ ಇಲ್ಲಿಗೆ ಬಂದೆ ನೋಡಿ” ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದಕಾರಣ, ತಾವು ಕಾಲು ಬೆಳೆಸಿಕೊಂಡು ಮೇಲಿನ ಮಹಡಿಗೆ ಬಂದು, ಅತ್ತೆಯ ಮುಂದೆ ನಿಂತು, “ತಪ್ಪು ನಂದು, ಅಳಿಯಂದ್ರದ್ದಲ್ಲ” ಎಂದು ಸ್ವಂತ ಬಾಯಿಂದ ಹೇಳಬೇಕಾಗಿ ವಿನಂತಿ. ಬರುವಾಗ ಅಡುಗೆಮನೆಯ ಕಡೆಯಿಂದ ಬರಬೇಡಿ, ಸೌಟು ಇನ್ನೂ ಅಲ್ಲೇ ಇದೆ.

ಇಷ್ಟನ್ನು ಮಂಗಳವಾರ ರಾತ್ರಿ ಬರೆದಿಟ್ಟಿದ್ದೆ. ಬುಧವಾರ ನನಗೆ ತಾತ ನೆನಪಾದ. ತಾತ ಎಂದರೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿರುವ ಹಳೆಯ ಸರ್ವರ್. ವಯಸ್ಸಾಯಿತು, ತಮ್ಮ ಆಳ್ವಿಕೆಗೆ ತಕ್ಕವನಲ್ಲ ಎಂದು ಕಂಪನಿಯವರು ಅವನನ್ನು ಹೊರಗಿಟ್ಟಿದ್ದರು. ಎಸೆಯಲು ಮನಸ್ಸಾಗದೆ ನಾನು ಉಳಿಸಿಕೊಂಡಿದ್ದೆ. ತಾತನ ಹತ್ತಿರ ಹೋಗುತ್ತೇನೆಂದಾಗ ಅತ್ತೆ, “ನಾನೂ ಬರ್ತೀನಿ. ಅದೇನು ಮಾಡ್ತೀರೋ ನೋಡೇ ಬಿಡೋಣ” ಎಂದು ಗಾಲಿಕುರ್ಚಿ ಹತ್ತಿದರು. ನಾನು ಧೂಳು ಒರೆಸಿ, ಕೀಲಿಮಣೆ ಸಿಕ್ಕಿಸಿ, ಹಳೆಯ ಪಾಸ್‌ವರ್ಡ್ ಕೊಟ್ಟೆ. ತಮ್ಮ ಪಟ್ಟಿಯಲ್ಲಿಲ್ಲದ ತಾತನಿಗೆ ನಾನಿನ್ನೂ ಆಡಳಿತಗಾರನೇ, ಒಳಗೆ ಬಿಟ್ಟುಕೊಂಡ. ಮುದ್ರಣದ ಹೊಣೆಯನ್ನು ಅವನ ಎದುರಿಗೇ ಕುಳಿತು, ಕೈಯಾರೆ ವಹಿಸಿದೆ. ಪ್ರಿಂಟರ್ ಕೆಮ್ಮಿತು, ಗೊಣಗಿತು, ಕೊನೆಗೆ ಅತ್ತೆಯ ಬಿಡುಗಡೆಯ ಚೀಟಿಯನ್ನು ಉಗುಳಿತು.

ಅತ್ತೆ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು, ಹೊರಡಲಿಲ್ಲ. “ಮೊದಲು ಅಡುಗೆಮನೆ ಚೀಟಿ ತೆಗೀರಿ. ಪಕ್ಕದ ಮಂಚದವಳು ಎರಡು ದಿನದಿಂದ ಸಪ್ಪೆ ತಿಂತಿದ್ದಾಳೆ, ಪಾಪ” ಎಂದರು. ಅದೂ ಬಂದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇದಾ ನಿಮ್ಮ ಕೆಲಸ? ಇದನ್ನ ಮೊದಲೇ ತೋರಿಸೋದಲ್ವಾ ಅಳಿಯಂದ್ರೇ!” ಎಂದರು. ಬಾಗಿಲಲ್ಲಿ ಚೀಟಿ ಕೊಡುವಾಗ ಕಾವಲಿನವರಿಗೂ ಹೇಳಿದರು: “ನಮ್ಮ ಅಳಿಯ ಸುಮ್ನೆ ಅಲ್ಲ ಕಣಪ್ಪಾ, ಅವರು ಒಂದು ಗುಂಡಿ ಒತ್ತಿದ್ರೆ ಇಡೀ ಆಸ್ಪತ್ರೆಗೆ ಉಪ್ಪು ನಿಂತುಹೋಗುತ್ತೆ!” ಇಂಥದ್ದೊಂದು ಮಾತಿಗೆ ನಾನು ವರ್ಷಗಟ್ಟಲೆ ಕಾದಿದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಮ್ಮಿಂದಾದ ಈ ಉಪಕಾರವನ್ನು ಮರೆಯಲಾರೆ.

ತಮ್ಮ ವಿಶ್ವಾಸಿ,
ತಾವೇ ಕಳಚಿಹಾಕಿದ ಆಡಳಿತಗಾರ

ತಾ.ಕ.: ಈಗಷ್ಟೇ ತಾವು ಪರದೆಯ ಮೇಲೆ ಕೆಂಪಗಾಗಿ, ನೆಲಮಾಳಿಗೆಯಲ್ಲಿ ಗುರುತಿಲ್ಲದ ಯಂತ್ರವೊಂದು ಚೀಟಿ ಮುದ್ರಿಸುತ್ತಿದೆ, ಅದನ್ನು ತೆಗೆದುಹಾಕಲೇ ಎಂದು ಕೇಳಿದ್ದೀರಿ. ಮಾನ್ಯರೇ, ಅದಕ್ಕೆ ತಮಗೆ ಅನುಮತಿ ಇಲ್ಲ. ದಯವಿಟ್ಟು ತಮ್ಮ ಆಡಳಿತಗಾರರನ್ನು ಸಂಪರ್ಕಿಸಿ. ಅವರು ಊಟಕ್ಕೆ ಹೋಗಿದ್ದಾರೆ. ಇವತ್ತು ಉಪ್ಪಿದೆ.